ಪರದೆಯ ಹಿಂದೆ ನಿಂತು ಹಾಡಿದ ದನಿ

ಪ್ರತಿಭೆ ಒಂದಿದ್ದರೆ ಸಾಕು, ಯಾರೂ ತಡೆಯೋಕಾಗಲ್ಲ ಅನ್ನುವ ಮಾತನ್ನು ನಾವು ಸ್ಕೂಲಿನ ಬೆಂಚಿನಿಂದ ಕೇಳಿಕೊಂಡು ಬಂದಿದ್ದೇವೆ. ಗಮನಿಸಿ ನೋಡಿದರೆ, ಈ ಮಾತು ಹೇಳುವವರನ್ನು ಯಾರೂ ಯಾವತ್ತೂ ತಡೆದಿರುವುದಿಲ್ಲ. ಅವರಿಗೆ ಬಾಗಿಲು ಅನ್ನುವುದು ಒಂದಿದೆ ಅಂತಲೇ ಗೊತ್ತಿರುವುದಿಲ್ಲ. ಬಾಗಿಲು ಇರುವುದು ಹೊರಗೆ ನಿಂತವನಿಗೆ ಮಾತ್ರ ಕಾಣುತ್ತದೆ.

ಸಂಗೀತದ ವಿಷಯದಲ್ಲಂತೂ ಈ ಮಾತು ಇನ್ನೂ ಜೋರು. ನಾದಕ್ಕೆ ಜಾತಿ ಇಲ್ಲ, ಸ್ವರಕ್ಕೆ ಬಣ್ಣ ಇಲ್ಲ ಅಂತಾರೆ. ಇರಬಹುದು. ಸ್ವರಕ್ಕೆ ಇಲ್ಲದಿದ್ದರೂ ಸಭಾಂಗಣಕ್ಕೆ ಇದೆಯಲ್ಲ, ಮ್ಯಾನೇಜರನಿಗೆ ಇದೆಯಲ್ಲ, ಪಾಠ ಹೇಳುವ ಮೇಷ್ಟರ ಮನೆಯ ಹಜಾರಕ್ಕೆ ಇದೆಯಲ್ಲ. ಇದನ್ನು ಬಿಡಿಸಿ ನೋಡಬೇಕು ಅಂತಲೇ ನಾವು ಇಲ್ಲಿ ಅಮೆರಿಕದ ಒಬ್ಬ ಹಾಡುಗಾರರನ್ನು ಎತ್ತಿಕೊಂಡಿದ್ದೇವೆ. ಹೆಸರು ರೋಲೆಂಡ್ ಹೇಯ್ಸ್. ಹುಟ್ಟಿದ್ದು 1887ರಲ್ಲಿ, ಜಾರ್ಜಿಯಾ ರಾಜ್ಯದ ಕರಿವಿಲ್ ಅನ್ನುವ ಹಳ್ಳಿಯಲ್ಲಿ. ತೀರಿಕೊಂಡಿದ್ದು 1977ರಲ್ಲಿ, ಬಾಸ್ಟನ್ ನಗರದಲ್ಲಿ. ಪಶ್ಚಿಮದ ಶಾಸ್ತ್ರೀಯ ಸಂಗೀತದ ಕಛೇರಿಗಳಲ್ಲಿ ಲೋಕವೇ ತಿರುಗಿ ನೋಡುವ ಹಾಗೆ ಎದ್ದುಬಂದ ಮೊದಲ ಕರಿಯ ಟೆನರ್ ಇವರು.

ಒಂದು ಮಾತು ಮೊದಲೇ. ಆ ಕಾಲದ ಜಾರ್ಜಿಯಾದಲ್ಲಿ ಬಿಳಿಯರು ಕರಿಯ ಗಂಡಸಿಗೆ 'ಮಿಸ್ಟರ್' ಅನ್ನುತ್ತಿರಲಿಲ್ಲ. ಹಲ್ಲುದುರಿದ ಮುದುಕನನ್ನೂ 'ಬಾಯ್' ಅಂತಲೇ ಕರೆಯುತ್ತಿದ್ದರು. ಅಜ್ಜನ ವಯಸ್ಸಿನವರನ್ನು ಗೌಡರ ಮನೆಯ ಮೊಮ್ಮಗ 'ಏನ್ಲಾ' ಅನ್ನುವುದನ್ನು ಕೇಳಿ ಬೆಳೆದ ನಮಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಆದ್ದರಿಂದ ಈ ಬರಹದಲ್ಲಿ ಹೇಯ್ಸರಿಗೆ ಬಹುವಚನವೇ.

ಟೆನರ್ ಅಂದರೆ ಏನು ಅಂತ ನಮ್ಮ ಹಳ್ಳಿಯ ಮೇಷ್ಟ್ರುಗಳು ಕೇಳಬಹುದು. ಪಶ್ಚಿಮದವರು ಗಂಡು ದನಿಯನ್ನು ಅದು ಏರುವ ಎತ್ತರದ ಮೇಲೆ ವಿಂಗಡಿಸುತ್ತಾರೆ. ತಗ್ಗಿನದು ಬಾಸ್, ನಡುವಿನದು ಬ್ಯಾರಿಟೋನ್, ಮೇಲಿನದು ಟೆನರ್. ಒಪೆರಾ ಅನ್ನುವ ಅವರ ಹಾಡಿನ ನಾಟಕದಲ್ಲಿ ಪ್ರೇಮಿಯ ಪಾತ್ರ, ರಾಜಕುಮಾರನ ಪಾತ್ರ ಸಾಮಾನ್ಯವಾಗಿ ಟೆನರ್‌ಗೆ ಸಿಗುತ್ತದೆ. ತಗ್ಗು ದನಿಯವನಿಗೆ ಮುದುಕ, ಪುರೋಹಿತ, ಸೈತಾನ. ಈ ಹಂಚಿಕೆಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಹೇಯ್ಸರ ತಾಯಿ ಫ್ಯಾನಿ, ತಂದೆ ವಿಲಿಯಂ, ಇಬ್ಬರೂ ಗುಲಾಮರಾಗಿ ಹುಟ್ಟಿದವರು. ಅಮೆರಿಕದಲ್ಲಿ ಗುಲಾಮಗಿರಿ ಕಾನೂನಿನಿಂದ ಹೋದದ್ದು 1865ರಲ್ಲಿ. ಹೋದದ್ದು ಕಾಗದದಲ್ಲಿ. ಬಿಡುಗಡೆಯಾದ ಮೇಲೂ ಅದೇ ಹತ್ತಿ ಹೊಲ, ಅದೇ ಬಿಸಿಲು, ಅದೇ ಸಾಲ. ತಂದೆ ಬೇಗ ತೀರಿಕೊಂಡರು. ಹುಡುಗ ಹೊಲದಲ್ಲಿ ದುಡಿದ. ಶಾಲೆ ಅಂದರೆ ವರ್ಷಕ್ಕೆ ಕೆಲವೇ ತಿಂಗಳು, ಅದೂ ಹೊಲದ ಕೆಲಸ ಇಲ್ಲದಾಗ. ತಾಯಿಯ ಕಡೆಯಿಂದ ಹೇಯ್ಸರ ಮುತ್ತಾತನ ಹೆಸರು ಅಬಾ ಉಗಿ, ಆಫ್ರಿಕಾದಿಂದ ಹಿಡಿದು ತಂದವರು ಅಂತ ಆ ಮನೆಯವರು ಹೇಳಿಕೊಂಡು ಬರುತ್ತಿದ್ದರು. ಮನೆಯಲ್ಲಿ ಉಳಿದಿದ್ದ ಕೆಲವು ಭಕ್ತಿಯ ಹಾಡುಗಳು ಆತನಿಂದಲೇ ಬಂದವು ಅನ್ನುವುದು ಅವರ ನಂಬಿಕೆ. ಬರೆದಿಟ್ಟ ವಂಶಾವಳಿ ಗುಲಾಮನಿಗೆ ಎಲ್ಲಿಂದ ಬರಬೇಕು? ಒಡೆಯನ ಲೆಕ್ಕದ ಪುಸ್ತಕದಲ್ಲಿ ಅವನು ಎತ್ತು, ನೇಗಿಲುಗಳ ಜೊತೆ ಒಂದು ಸಾಲು. ಆ ಮನೆಯ ವಂಶಾವಳಿ ಇದ್ದದ್ದು ಹಾಡಿನಲ್ಲಿ.

ಆಮೇಲೆ ಕುಟುಂಬ ಚಟನೂಗ ಅನ್ನುವ ಊರಿಗೆ ಗುಳೆ ಹೋಯಿತು. ಹುಡುಗ ರೋಲೆಂಡ್ ಕಬ್ಬಿಣದ ಎರಕದ ಕಾರ್ಖಾನೆ ಸೇರಿದ. ಕಿಟಕಿ ಬಾಗಿಲುಗಳಿಗೆ ಕಟ್ಟುವ ಕಬ್ಬಿಣದ ತೂಕಗಳನ್ನು ಎರಕ ಹೊಯ್ಯುವ ಕೆಲಸ. ಒಮ್ಮೆ ಯಂತ್ರದ ಪಟ್ಟಿಗೆ ಸಿಕ್ಕಿಕೊಂಡು ಸಾಯುವ ಹಾಗಾಯಿತು, ಬದುಕಿಕೊಂಡ. ಚರ್ಚಿನಲ್ಲಿ ಹಾಡುತ್ತಿದ್ದ. ಅಲ್ಲಿ ಆರ್ಥರ್ ಕಾಲ್ಹೂನ್ ಎಂಬ ಕರಿಯ ಸಂಗೀತಗಾರ ಈ ದನಿಯನ್ನು ಗುರುತಿಸಿದರು. ಒಬ್ಬ ಬಿಳಿಯರ ಮನೆಗೆ ಕರೆದುಕೊಂಡು ಹೋಗಿ ಗ್ರಾಮಫೋನಿನಲ್ಲಿ ಇಟಲಿಯ ಮಹಾ ಟೆನರ್ ಕರೂಸೋ ಹಾಡಿದ್ದನ್ನು ಕೇಳಿಸಿದರು. ಮನುಷ್ಯನ ಗಂಟಲು ಹೀಗೂ ಮಾಡಬಹುದು ಅಂತ ಹುಡುಗನಿಗೆ ಗೊತ್ತಾಗಿದ್ದು ಆವತ್ತು.

ಇಲ್ಲಿ ತಾಯಿಯ ವಿಷಯ ಹೇಳಲೇಬೇಕು. ಫ್ಯಾನಿಗೆ ಮಗ ಹಾಡುಗಾರನಾಗುವುದು ಇಷ್ಟ ಇರಲಿಲ್ಲ. ಬಿಳಿಯರ ಸಂಗೀತ ಹಾಡಿ ಒಬ್ಬ ಕರಿಯ ಹೊಟ್ಟೆ ಹೊರೆಯಬಹುದು ಅಂತ ಆಕೆಗೆ ನಂಬಿಕೆ ಇರಲಿಲ್ಲ. ಇದನ್ನು ಅಜ್ಞಾನ ಅಂತ ಯಾರೂ ಬರೆಯಬೇಡಿ. ಆಕೆ ನೋಡಿದ ಲೋಕದಲ್ಲಿ ಅದು ಸರಿಯಾದ ಲೆಕ್ಕ. ಮಗ ಬಿ.ಎ.ಗೆ ಸಾಹಿತ್ಯ ತಗೋತೀನಿ ಅಂದಾಗ ನಮ್ಮ ಅವ್ವಂದಿರು ಹಾಕುವ ಲೆಕ್ಕವೂ ಇದೇ.

1905ರಲ್ಲಿ ಹೇಯ್ಸರು ನ್ಯಾಶ್‌ವಿಲ್‌ನ ಫಿಸ್ಕ್ ವಿಶ್ವವಿದ್ಯಾನಿಲಯ ಸೇರಿದರು. ಈ ಫಿಸ್ಕ್ ಯಾವುದು ಅಂತ ನಮ್ಮ ವಿದ್ಯಾರ್ಥಿ ಗೆಳೆಯರು ತಿಳಿಯಬೇಕು. ಬಿಡುಗಡೆಯಾದ ಗುಲಾಮರ ಮಕ್ಕಳಿಗಾಗಿ 1866ರಲ್ಲಿ ಶುರುವಾದ ಕಾಲೇಜು. ಐದು ವರ್ಷಕ್ಕೇ ದುಡ್ಡಿಲ್ಲದೆ ಮುಚ್ಚುವ ಗತಿ ಬಂತು. ಆಗ 1871ರಲ್ಲಿ ಒಂಬತ್ತು ಜನ ವಿದ್ಯಾರ್ಥಿಗಳು ಗುಂಪು ಕಟ್ಟಿಕೊಂಡು ಊರೂರು ಹಾಡುತ್ತ ಹೊರಟರು. ಅವರಲ್ಲಿ ಹೆಚ್ಚಿನವರು ಸ್ವತಃ ಗುಲಾಮರಾಗಿ ಹುಟ್ಟಿದವರು. ಮೊದಲು ಬಿಳಿಯರಿಗೆ ಒಪ್ಪುವ ಹಾಡುಗಳನ್ನೇ ಹಾಡಿದರು. ತಮ್ಮ ಅಪ್ಪ ಅಮ್ಮ ಹತ್ತಿ ಹೊಲದಲ್ಲಿ, ಕದ್ದುಮುಚ್ಚಿ ಸೇರಿದ ಪ್ರಾರ್ಥನೆಗಳಲ್ಲಿ ಹಾಡುತ್ತಿದ್ದ ಹಾಡುಗಳನ್ನು ಸಾರ್ವಜನಿಕವಾಗಿ ಹಾಡಲು ಅವರಿಗೇ ನಾಚಿಕೆ, ಸಂಕಟ. ಹಾಡಿದ ಮೇಲೆ ಜನ ಮುಗಿಬಿದ್ದರು. ಇಂಗ್ಲೆಂಡಿನ ರಾಣಿಯವರೆಗೂ ಹೋಗಿ ಹಾಡಿ ತಂದ ದುಡ್ಡಿನಲ್ಲಿ ಕಾಲೇಜಿಗೆ ಒಂದು ದೊಡ್ಡ ಕಟ್ಟಡ ಎದ್ದಿತು. ಜುಬಿಲಿ ಹಾಲ್ ಅಂತ ಅದರ ಹೆಸರು, ಇವತ್ತಿಗೂ ನಿಂತಿದೆ. ಹಾಡಿನಿಂದ ಗೋಡೆ ಕಟ್ಟುವುದು ಅಂದರೆ ಅಲಂಕಾರದ ಮಾತಲ್ಲ, ಅದು ಇಟ್ಟಿಗೆ ಗಾರೆಯ ಲೆಕ್ಕ.

ಹೈಸ್ಕೂಲು ಮುಗಿಸದ ಹೇಯ್ಸರನ್ನು ಫಿಸ್ಕ್ ಸೇರಿಸಿಕೊಂಡಿತು, ನಿಜ. 1910ರಲ್ಲಿ ಪದವಿ ಇಲ್ಲದೆ ಹೊರಗೂ ಬಿದ್ದರು. ಲೂಯಿವಿಲ್ ಎಂಬ ಊರಿಗೆ ಹೋಗಿ ಬಿಳಿಯ ಸಾಹುಕಾರರ ಕ್ಲಬ್ಬೊಂದರಲ್ಲಿ ಮಾಣಿಯಾದರು. ತಟ್ಟೆ ಎತ್ತಿದರು. ಅದೇ ಊರಲ್ಲಿ ಮೂಕಿ ಸಿನಿಮಾ ಥಿಯೇಟರಿನಲ್ಲಿ ಹಾಡುವ ಕೆಲಸವೂ ಸಿಕ್ಕಿತು. ಎಲ್ಲಿ ನಿಂತು ಹಾಡಬೇಕು? ಪರದೆಯ ಹಿಂದೆ. ಜನಕ್ಕೆ ದನಿ ಬೇಕು, ದನಿಯ ಮೈ ಬೇಡ.

ಇಲ್ಲಿ ನಾವು ಸ್ವಲ್ಪ ನಿಲ್ಲಬೇಕು ಅನಿಸುತ್ತದೆ. ಹೇಯ್ಸರ ಬದುಕನ್ನು ಬರೆದವರು ಇದನ್ನು ಕಷ್ಟದ ದಿನಗಳ ಒಂದು ಘಟನೆ ಅಂತ ದಾಟಿಕೊಂಡು ಹೋಗುತ್ತಾರೆ. ನಮಗೆ ಅದು ದಾಟಿಕೊಂಡು ಹೋಗುವ ಸಂಗತಿ ಅಲ್ಲ. ಇಡೀ ವ್ಯವಸ್ಥೆ ಹೇಗೆ ಕೆಲಸ ಮಾಡುತ್ತದೆ ಅನ್ನುವುದು ಆ ಪರದೆಯಲ್ಲಿದೆ. ನಮ್ಮ ಕಡೆ ಚರ್ಮ ಹದ ಮಾಡಿ ವಾದ್ಯಕ್ಕೆ ಬಿಗಿಯುವವನು ಒಬ್ಬ, ಅದರ ಮೇಲೆ ಬೆರಳಾಡಿಸಿ ಶಾಲು ಹೊದಿಸಿಕೊಳ್ಳುವವನು ಇನ್ನೊಬ್ಬ. ಮೊದಲನೆಯವನ ಹೆಸರು ಆಹ್ವಾನ ಪತ್ರಿಕೆಯಲ್ಲಿ ಇರುವುದಿಲ್ಲ. ಶ್ರಮವನ್ನು ಒಳಗೆ ಬಿಟ್ಟುಕೊಂಡು ಶ್ರಮಿಕನನ್ನು ಹೊರಗಿಡುವ ಈ ಕೈಚಳಕ ಎಲ್ಲ ದೇಶದ ಯಜಮಾನರಿಗೂ ಗೊತ್ತು.

1911ರಲ್ಲಿ ಫಿಸ್ಕ್ ಹಾಡುಗಾರರ ಗುಂಪಿನ ಜೊತೆ ಬಾಸ್ಟನ್ನಿಗೆ ಬಂದ ಹೇಯ್ಸರು ಅಲ್ಲೇ ನಿಂತರು. ಆರ್ಥರ್ ಹಬ್ಬರ್ಡ್ ಅನ್ನುವ ಬಿಳಿಯ ಗುರು ಪಾಠ ಹೇಳಲು ಒಪ್ಪಿದರು. ಆದರೆ ಒಂದು ಷರತ್ತು. ತಮ್ಮ ಸಂಗೀತ ಶಾಲೆಗೆ ಬರಕೂಡದು, ಮನೆಗೆ ಬರಬೇಕು. ಶಾಲೆಯಲ್ಲಿ ಬಿಳಿಯ ಶಿಷ್ಯರು ನೋಡಿದರೆ ಮುಜುಗರ. ಏಕಲವ್ಯನ ಕತೆಯನ್ನು ನಾವು ಎಷ್ಟು ಸಲ ಎತ್ತಿಕೊಂಡಿದ್ದೇವೆ! ಇಲ್ಲಿ ಹೆಬ್ಬೆರಳು ಕೇಳಲಿಲ್ಲ. ಮುಖವನ್ನು ಬಚ್ಚಿಡು ಅಂದರು ಅಷ್ಟೆ. ಹಬ್ಬರ್ಡ್ ಒಳ್ಳೆಯ ಗುರು, ವರ್ಷಗಟ್ಟಲೆ ಮನಸ್ಸಿಟ್ಟು ಕಲಿಸಿದರು. ಒಳ್ಳೆಯವರೂ ಹೀಗೆ ಮಾಡುತ್ತಾರೆ ಅನ್ನುವುದೇ ವ್ಯವಸ್ಥೆಯ ಗಟ್ಟಿತನ.

ಹೊಟ್ಟೆಪಾಡಿಗೆ ಇನ್ಶೂರೆನ್ಸ್ ಕಂಪನಿಯಲ್ಲಿ ಕಾಗದ ಪತ್ರ ಹೊತ್ತು ಓಡಾಡುವ ಜವಾನನ ಕೆಲಸ. ತಾಯಿಯನ್ನು ಬಾಸ್ಟನ್ನಿಗೆ ಕರೆಸಿಕೊಂಡರು. ಕಛೇರಿ ಏರ್ಪಡಿಸುವ ಯಾವ ಮ್ಯಾನೇಜರೂ ಇವರನ್ನು ಕೈಗೆತ್ತಿಕೊಳ್ಳಲಿಲ್ಲ. ಕರಿಯನ ಬಾಯಿಂದ ಷೂಬರ್ಟ್ ಕೇಳಲು ಯಾರು ದುಡ್ಡು ಕೊಡುತ್ತಾರೆ? ಕರಿಯ ಅಂದರೆ ಮಸಿ ಬಳಿದುಕೊಂಡ ಹಾಸ್ಯಗಾರರ ತಮಾಷೆಯ ಹಾಡು ಅನ್ನುವ ಅಭ್ಯಾಸ ಆ ದೇಶದ ಮನರಂಜನೆಗೆ ಅಂಟಿಹೋಗಿತ್ತು. ಸರಿ, ಹೇಯ್ಸರು ತಾವೇ ಮ್ಯಾನೇಜರ್ ಆದರು. ತಾವೇ ಊರೂರಿಗೆ ಕಾಗದ ಬರೆದು ಕರಿಯರ ಚರ್ಚುಗಳಲ್ಲಿ, ಶಾಲೆಗಳಲ್ಲಿ ಕಛೇರಿ ಗೊತ್ತುಮಾಡಿಕೊಂಡರು. ಗ್ರಾಮಫೋನ್ ಕಂಪನಿಗೆ ಕೈಯಿಂದ ದುಡ್ಡು ಕೊಟ್ಟು ತಮ್ಮ ಹಾಡಿನ ತಟ್ಟೆಗಳನ್ನು ಒತ್ತಿಸಿ ತಾವೇ ಮಾರಿದರು. 1917ರ ನವೆಂಬರಿನಲ್ಲಿ ಬಾಸ್ಟನ್ನಿನ ಸಿಂಫನಿ ಹಾಲನ್ನು ಬಾಡಿಗೆಗೆ ಹಿಡಿದರು. ಜವಾನನ ಸಂಬಳದವನು ಆ ನಗರದ ಅತಿ ದೊಡ್ಡ ಸಂಗೀತ ಮಂದಿರಕ್ಕೆ ಬಾಡಿಗೆ ಕಟ್ಟುವುದು ಅಂದರೆ ಹುಚ್ಚು ಅಂತ ನೆರೆಹೊರೆ ಅಂದಿರಬೇಕು. ಮಂದಿರ ತುಂಬಿತು.

ತುಂಬಿಸಿದವರು ಯಾರು? ಇದನ್ನು ಯಾರೂ ಒತ್ತಿ ಹೇಳುವುದಿಲ್ಲ. ಹೇಯ್ಸರ ಕಾಲಿಗೆ ನೆಲವಾದದ್ದು ಮೊದಲು ಕರಿಯರ ಚರ್ಚುಗಳು, ಕರಿಯರ ಕಾಲೇಜುಗಳು, ಬಟ್ಟೆ ಒಗೆದು, ಅಡುಗೆ ಮಾಡಿ ಉಳಿಸಿದ ದುಡ್ಡಲ್ಲಿ ಟಿಕೆಟ್ ಕೊಂಡವರು. ವ್ಯಕ್ತಿಯ ಸಾಹಸ ಅಂತ ಪುಸ್ತಕಗಳು ಹೇಳುವ ಕಡೆಯೆಲ್ಲ ಒಂದು ಸಮುದಾಯ ಬಗ್ಗಿ ಬೆನ್ನು ಕೊಟ್ಟಿರುತ್ತದೆ. ಮೇಲೆ ಹತ್ತಿದವನ ಫೋಟೋ ತೆಗೆಯುತ್ತಾರೆ, ಬೆನ್ನಿನ ಫೋಟೋ ಯಾರೂ ತೆಗೆಯುವುದಿಲ್ಲ.

1920ರಲ್ಲಿ ಲಾರೆನ್ಸ್ ಬ್ರೌನ್ ಎಂಬ ಕರಿಯ ಪಿಯಾನೋ ವಾದಕರ ಜೊತೆ ಲಂಡನ್ನಿಗೆ ಹೋದರು. ವಿಗ್ಮೋರ್ ಹಾಲ್‌ನಲ್ಲಿ ಹಾಡಿದರು. 1921ರಲ್ಲಿ ದೊರೆ ಐದನೆಯ ಜಾರ್ಜ್ ಅರಮನೆಗೆ ಕರೆಸಿ ಕೇಳಿದ. ಪ್ಯಾರಿಸ್, ವಿಯೆನ್ನಾ ಎಲ್ಲ ಆಯಿತು. ಅರಮನೆಯಲ್ಲಿ ಹಾಡಿದ ಸುದ್ದಿ ಸಮುದ್ರ ದಾಟಿ ಮನೆಗೆ ಬಂದ ಮೇಲೆ ಅಮೆರಿಕದ ಬಿಳಿಯರಿಗೆ ಇದ್ದಕ್ಕಿದ್ದಂತೆ ಕಿವಿ ಬಂತು. 1923ರಲ್ಲಿ ಬಾಸ್ಟನ್ ಸಿಂಫನಿ ವಾದ್ಯವೃಂದದ ಜೊತೆ, ಪಿಯೇರ್ ಮೊಂಟೋ ನಿರ್ದೇಶನದಲ್ಲಿ ಹಾಡಿದರು. ಆರು ವರ್ಷದ ಹಿಂದೆ ಬಾಡಿಗೆ ಕಟ್ಟಿ ಹತ್ತಿದ ವೇದಿಕೆಯನ್ನು ಈಗ ಕರೆಸಿಕೊಂಡು ಹತ್ತಿದರು. ದನಿ ಅದೇ. ಬದಲಾದದ್ದು ದೊರೆಯ ಮುದ್ರೆ. ನಮ್ಮ ದೇಶವನ್ನು ಆಳುತ್ತಿದ್ದ ಅದೇ ದೊರೆ, ಬಿಡಿ.

ಬರ್ಲಿನ್ ಪ್ರಸಂಗವನ್ನು ಸ್ವಲ್ಪ ವಿವರವಾಗಿ ನೋಡಬೇಕು. 1924. ಯುದ್ಧ ಸೋತ ಜರ್ಮನಿ. ರೈನ್ ನದಿಯ ಪ್ರಾಂತವನ್ನು ಫ್ರೆಂಚ್ ಸೈನ್ಯ ಹಿಡಿದಿತ್ತು, ಆ ಸೈನ್ಯದಲ್ಲಿ ಆಫ್ರಿಕಾದಿಂದ ತಂದ ಕರಿಯ ಸಿಪಾಯಿಗಳೂ ಇದ್ದರು. ಅದನ್ನೇ ಹಿಡಿದುಕೊಂಡು ಅಲ್ಲಿನ ಪತ್ರಿಕೆಗಳು ಕರಿಯರ ಮೇಲೆ ವಿಷ ಕಾರುತ್ತಿದ್ದವು. ಇಂಥ ಹೊತ್ತಲ್ಲಿ ಜಾರ್ಜಿಯಾದ ಹತ್ತಿ ಹೊಲದ ಕರಿಯ ಬಂದು ಜರ್ಮನ್ ಕವಿಗಳ ಹಾಡು ಹಾಡುವುದೇ ಅಂತ ಕಛೇರಿಗೆ ಮುಂಚೆಯೇ ಪ್ರತಿಭಟನೆ. ಹೇಯ್ಸರು ವೇದಿಕೆಗೆ ಬಂದರೆ ಸಭೆಯಿಂದ ಬುಸುಗುಡುವ ಸದ್ದು, ಕೂಗು. ಅವರು ಓಡಲಿಲ್ಲ, ಬೈಯಲೂ ಇಲ್ಲ. ಪಿಯಾನೋದ ಪಕ್ಕ ಸುಮ್ಮನೆ ನಿಂತರು. ಗದ್ದಲ ತಾನಾಗಿ ತಣ್ಣಗಾಗುವವರೆಗೆ ಹಾಗೇ ನಿಂತಿದ್ದರು. ಆಮೇಲೆ ಷೂಬರ್ಟನ 'ದು ಬಿಸ್ಟ್ ದೀ ರೂ' ಎತ್ತಿಕೊಂಡರು. ಬಹಳ ನಿಧಾನದ, ಬಹಳ ಮೆಲ್ಲನೆಯ ಹಾಡು. ಕೂಗುವವರ ಎದುರು ಪಿಸುಮಾತಿಗೆ ಹತ್ತಿರದ ದನಿ. ಮುಗಿಯುವ ಹೊತ್ತಿಗೆ ಸಭೆ ಅವರದಾಗಿತ್ತು.

ಈ ಪ್ರಸಂಗವನ್ನು ಹೇಳಿ, ನೋಡಿ ಕಲೆ ದ್ವೇಷವನ್ನು ಗೆದ್ದಿತು ಅಂತ ಮುಗಿಸುವವರು ಬಹಳ ಜನ. ನಾವು ಹಾಗೆ ಮುಗಿಸಲಾರೆವು. ಹತ್ತು ವರ್ಷದೊಳಗೆ ಅದೇ ಬರ್ಲಿನ್ನಿನಲ್ಲಿ ಹಿಟ್ಲರ್ ಕೂತ. ಆವತ್ತು ಕಣ್ಣೀರು ಹಾಕಿದ ಕೇಳುಗರಲ್ಲಿ ಎಷ್ಟು ಜನ ಆಮೇಲೆ ಕೈ ಚಾಚಿ ಸೆಲ್ಯೂಟ್ ಹೊಡೆದರೋ ಯಾರು ಲೆಕ್ಕ ಇಟ್ಟಿದ್ದಾರೆ? ಹಾಡು ಸಭಾಂಗಣದ ಗಾಳಿಯನ್ನು ಬದಲಾಯಿಸಬಹುದು. ಬೀದಿಯ ಗಾಳಿಗೆ ಬೇರೆ ಕೆಲಸ ಬೇಕು. ಆದರೂ ಆ ನಿಂತ ಭಂಗಿ ನಮ್ಮನ್ನು ಕಾಡುತ್ತದೆ. ಅದು ಶರಣಾಗತಿ ಅಲ್ಲ. ನಾನು ಇಲ್ಲಿಂದ ಕದಲುವುದಿಲ್ಲ ಅಂತ ಒಬ್ಬ ಗುಲಾಮರ ಮಗ ಒಂದು ಮಾತೂ ಆಡದೆ ಹೇಳಿದ್ದು ಅದು. ಮೆರವಣಿಗೆಯಲ್ಲಿ ಪೊಲೀಸರ ಎದುರು ಕೂತವರಿಗೆ ಗೊತ್ತು, ಸುಮ್ಮನೆ ಕೂರುವುದು ಎಷ್ಟು ಕಷ್ಟದ ಕೆಲಸ ಅಂತ.

ಇನ್ನು ಅವರು ಹಾಡಿದ್ದೇನು ಅನ್ನುವ ಪ್ರಶ್ನೆ. ನಮ್ಮ ಸಂಘಟನೆಯ ಗೆಳೆಯರೇ ಕೆಲವರು ಕೇಳುತ್ತಾರೆ: ಈತ ಬಿಳಿಯರ ಹಾಡು ಹಾಡಿ ಬಿಳಿಯರ ಹತ್ತಿರ ಭೇಷ್ ಅನ್ನಿಸಿಕೊಂಡವನಲ್ಲವಾ, ಇದರಲ್ಲಿ ಬಂಡಾಯ ಎಲ್ಲಿದೆ? ಪಾಲ್ ರಾಬ್ಸನ್ ಹೆಸರು ಹೇಳಿ, ಒಪ್ಪುತ್ತೇವೆ ಅಂತಾರೆ. ರಾಬ್ಸನ್ ನಮಗೂ ಪ್ರಿಯ. ಕಾರ್ಮಿಕರ ಜೊತೆ ನಿಂತು, ಸರ್ಕಾರ 1950ರಲ್ಲಿ ಪಾಸ್‌ಪೋರ್ಟು ಕಿತ್ತುಕೊಂಡಾಗಲೂ ಬಗ್ಗದ ಮನುಷ್ಯ. ಎಂಟು ವರ್ಷ ದೇಶ ಬಿಟ್ಟು ಹೊರಗೆ ಕಾಲಿಡಲು ಬಿಡಲಿಲ್ಲ. ಆದರೆ ಒಂದು ಸಂಗತಿ ಮರೆಯಬಾರದು. 1925ರಲ್ಲಿ ನ್ಯೂಯಾರ್ಕಿನಲ್ಲಿ ರಾಬ್ಸನ್ ಬರೀ ಗುಲಾಮರ ಭಕ್ತಿಗೀತೆಗಳನ್ನೇ ಇಟ್ಟುಕೊಂಡು ಇಡೀ ಕಛೇರಿ ಮಾಡಿದಾಗ ಪಿಯಾನೋದ ಮುಂದೆ ಕೂತಿದ್ದವರು ಲಾರೆನ್ಸ್ ಬ್ರೌನ್. ಹೇಯ್ಸರ ಜೊತೆ ಲಂಡನ್ನಿಗೆ ಹೋಗಿದ್ದ ಅದೇ ಬ್ರೌನ್. ದಾರಿ ಮೊದಲು ಸವೆಸಿದವರು ಬೇರೆಯವರು ಇರುತ್ತಾರೆ.

ಹೇಯ್ಸರ ಕಛೇರಿಯ ಕ್ರಮ ಹೀಗಿತ್ತು. ಇಟಲಿಯ, ಜರ್ಮನಿಯ, ಫ್ರಾನ್ಸಿನ ಹಾಡುಗಳು ಮೊದಲು. ಕೊನೆಗೆ ತಮ್ಮ ತಾಯಿಯ ಹಾಡುಗಳು, 'ಸ್ಪಿರಿಚುವಲ್ಸ್' ಅನ್ನುತ್ತಾರೆ. ಕೊನೆಗೆ ಇಟ್ಟದ್ದು ಊಟದ ಮೇಲಿನ ಬಾಳೆಹಣ್ಣಿನ ಹಾಗಾ, ಅಥವಾ ಎಲ್ಲ ಹಾಡಿಗೂ ಅದೇ ಗುರಿ ಅಂತಲಾ? ಇದರ ಮೇಲೆ ವಾದ ಮಾಡಬಹುದು. ನಮಗೆ ಕಂಡದ್ದು ಇಷ್ಟು: ಷೂಬರ್ಟನಿಗೆ ಕೊಟ್ಟ ಉಸಿರನ್ನೇ, ಅದೇ ಶಿಸ್ತನ್ನೇ ಹತ್ತಿ ಹೊಲದ ಹಾಡಿಗೂ ಕೊಟ್ಟರು. ಉಳಿದಿರುವ ರೆಕಾರ್ಡುಗಳನ್ನು ಕೇಳಿ. ದೊಡ್ಡ ದನಿ ಅಲ್ಲ. ಕರೂಸೋ ಹಾಗೆ ಗೋಡೆ ನಡುಗಿಸುವ ದನಿ ಅಲ್ಲವೇ ಅಲ್ಲ. ಸಣ್ಣಗೆ, ಎಳೆ ಎಳೆಯಾಗಿ ಬಿಡಿಸಿ ಹಾಡುವ ದನಿ, ಒಂದೊಂದು ಅಕ್ಷರವೂ ಸ್ಪಷ್ಟ. ಏಸುವನ್ನು ಶಿಲುಬೆಗೆ ಏರಿಸಿದ ಹಾಡನ್ನು ಪಿಯಾನೋ ಇಲ್ಲದೆ ಹಾಡುತ್ತಾರಲ್ಲ, ಅಲ್ಲಿ ಅಳು ಇಲ್ಲ. ಮರಕ್ಕೆ ನೇತುಹಾಕಿದ ತನ್ನವರನ್ನು ನೋಡಿದ ಜನಾಂಗ ಆ ಹಾಡಿನಲ್ಲಿ ಇನ್ನೊಬ್ಬರ ಕತೆ ಹೇಳುತ್ತಿಲ್ಲ ಅನ್ನುವುದು ಅಷ್ಟು ತಣ್ಣನೆಯ ದನಿಯಲ್ಲೇ ಗೊತ್ತಾಗುತ್ತದೆ.

ಇದಕ್ಕೆ ಒಳಗಿನಿಂದಲೇ ತಕರಾರು ಬಂತು. ಜೋರಾ ನೀಲ್ ಹರ್ಸ್ಟನ್ ಎಂಬ ಕರಿಯ ಲೇಖಕಿ, ಜನಪದವನ್ನು ಊರೂರು ತಿರುಗಿ ಕೇಳಿದವರು, 1934ರಲ್ಲಿ ಒಂದು ಲೇಖನ ಬರೆದರು. ಕಛೇರಿಯಲ್ಲಿ ಕೇಳುವುದು ನಿಜವಾದ ಭಕ್ತಿಗೀತೆ ಅಲ್ಲ, ಅವುಗಳ ಮೇಲೆ ಕಟ್ಟಿದ ಬೇರೆ ಸಂಗೀತ ಅನ್ನುವುದು ಅವರ ವಾದ. ನಿಜವಾದದ್ದು ಗುಂಪಿನಲ್ಲಿ ಹುಟ್ಟುತ್ತದೆ, ಸ್ವರಗಳು ಒಂದಕ್ಕೊಂದು ಒರಟಾಗಿ ತಾಗುತ್ತವೆ, ಒಂದು ಸಲ ಹಾಡಿದ ಹಾಗೆ ಇನ್ನೊಂದು ಸಲ ಇರುವುದಿಲ್ಲ ಅಂದರು. ಸುಟ್ಟಂಥ ಮಾತು, ಸತ್ಯವೂ ಹೌದು. ಹೋರಾಟದ ಹಾಡನ್ನು ನಾವು ರವೀಂದ್ರ ಕಲಾಕ್ಷೇತ್ರದ ಮೈಕಿನ ಮುಂದೆ ನಿಲ್ಲಿಸಿದಾಗ ಏನಾಗುತ್ತದೆ ಅಂತ ನಮಗೆ ಅನುಭವ ಇದೆ. ತಮಟೆಯನ್ನು ಬೆಂಕಿಗೆ ಕಾಯಿಸುವ ಜಾಗವೇ ಅಲ್ಲಿ ಇರುವುದಿಲ್ಲ.

ಆದರೆ ಹರ್ಸ್ಟನ್ ಅವರ ಮಾತನ್ನು ಪೂರ್ತಿ ಒಪ್ಪಿದರೆ ಒಂದು ಅಪಾಯ ಇದೆ. ಹಾಗಾದರೆ ಹೊಲದವನು ಹೊಲದಲ್ಲೇ ಹಾಡಲಿ, ಅವನ ಹಾಡು ಅಲ್ಲೇ ಚಂದ ಅನ್ನುವವರಿಗೆ ಅದು ಅನುಕೂಲದ ಮಾತಾಗಿಬಿಡುತ್ತದೆ. ಜನಪದ ಜನಪದ ಅಂತ ನಮ್ಮ ಹಾಡನ್ನು ಹೊಗಳುವ ಎಷ್ಟೋ ವಿದ್ವಾಂಸರು ನಮ್ಮ ಹುಡುಗಿ ಶಾಸ್ತ್ರೀಯ ಕಲಿಯುತ್ತೇನೆ ಅಂದರೆ ಮುಖ ಹುಳ್ಳಗೆ ಮಾಡಿಕೊಳ್ಳುತ್ತಾರೆ. ನಿಮ್ಮ ದನಿ 'ಗ್ರಾಮೀಣ ಸೊಗಡಿನದು' ಅಂತಾರೆ. ಸೊಗಡು ಅಂದರೆ ಅಲ್ಲೇ ಇರು ಅಂತ. ಯಾವ ಹಾಡು ಹಾಡಬೇಕು ಅನ್ನುವುದನ್ನು ಹಾಡುವವನು ತೀರ್ಮಾನಿಸಬೇಕು. ಷೂಬರ್ಟ್ ಬಿಳಿಯರ ಅಪ್ಪನ ಆಸ್ತಿ ಅಲ್ಲ. ಹೇಯ್ಸರು ಅದನ್ನು ಬಾಯಿಮಾತಲ್ಲಿ ಹೇಳಲಿಲ್ಲ, ಹಾಡಿ ತೋರಿಸಿದರು. ಈ ಒಂದು ಕಾರಣಕ್ಕೆ ನಾವು ಅವರನ್ನು ಬಂಡಾಯದ ಲೆಕ್ಕಕ್ಕೇ ಸೇರಿಸುತ್ತೇವೆ, ಗೆಳೆಯರು ಒಪ್ಪಲಿ ಬಿಡಲಿ.

ಒಪ್ಪಲಾಗದ್ದೂ ಇದೆ. ಹೇಯ್ಸರಿಗೆ ಕಲೆಯ ಮೇಲೆ, ಕ್ರೈಸ್ತ ಕ್ಷಮೆಯ ಮೇಲೆ ಅತಿಯಾದ ನಂಬಿಕೆ. ತಾನು ಚೆನ್ನಾಗಿ ಹಾಡಿದರೆ ಎದುರಿನವನು ಕರಗುತ್ತಾನೆ ಅಂತ. ದುಡ್ಡು ಬಂದ ಮೇಲೆ ಅವರು ತಾಯಿ ಗುಲಾಮಳಾಗಿ ದುಡಿದ ಜಾರ್ಜಿಯಾದ ಆ ನೆಲವನ್ನೇ ಕೊಂಡರು. ಇದು ಎಂಥ ಘನತೆಯ ಕೆಲಸ ಅಂತ ಭೂಮಿ ಇಲ್ಲದವರಿಗೆ ಹೇಳಬೇಕಾಗಿಲ್ಲ. ಆದರೆ ಜಮೀನು ಕೊಂಡ ಮಾತ್ರಕ್ಕೆ ಊರು ಕೊಂಡ ಹಾಗಲ್ಲವಲ್ಲ. 1942ರಲ್ಲಿ ಆ ಜಮೀನಿಗೆ ಹತ್ತಿರದ ರೋಮ್ ಎಂಬ ಪಟ್ಟಣದಲ್ಲಿ ಅವರ ಹೆಂಡತಿ ಮತ್ತು ಚಿಕ್ಕ ಮಗಳು ಒಂದು ಚಪ್ಪಲಿ ಅಂಗಡಿಗೆ ಹೋದರು. ಮಗಳ ಹೆಸರು ಆಫ್ರಿಕಾ. ಬಿಸಿಲು. ಕಂಡ ಕುರ್ಚಿಯ ಮೇಲೆ ಕೂತರು. ಅದು ಬಿಳಿಯರ ಕುರ್ಚಿ, ಹಿಂದಕ್ಕೆ ಹೋಗಿ ಅಂದ ಅಂಗಡಿಯವನು. ಮಾತಿಗೆ ಮಾತು ಬೆಳೆಯಿತು. ವಿಷಯ ಕೇಳಿ ವಿಚಾರಿಸಲು ಬಂದ ಹೇಯ್ಸರನ್ನು ಪೊಲೀಸರು ಹೊಡೆದು ಗಂಡ ಹೆಂಡತಿ ಇಬ್ಬರನ್ನೂ ಲಾಕಪ್ಪಿಗೆ ಹಾಕಿದರು. ಆಗ ಅವರಿಗೆ 55 ವರ್ಷ. ದೊರೆಗಳ ಮುಂದೆ ಹಾಡಿ ಎರಡು ದಶಕ ಕಳೆದಿತ್ತು. ಜಾರ್ಜಿಯಾದ ರಾಜ್ಯಪಾಲ ಟಾಲ್ಮಡ್ಜ್ ಏನೂ ಮರೆಮಾಚಲಿಲ್ಲ. ನಮ್ಮ ಕಟ್ಟಳೆ ಇಷ್ಟವಿಲ್ಲದ ಕರಿಯರು ಇಲ್ಲಿಗೆ ಬರದೇ ಇರಲಿ ಅನ್ನುವ ಅರ್ಥದ ಮಾತಾಡಿದ.

ಮೆಟ್ಟಿನ ವಿಷಯ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮೇಲ್ಜಾತಿಯವರ ಬೀದಿಗೆ ಬಂದ ಕೂಡಲೇ ಕಾಲಿನದನ್ನು ತೆಗೆದು ಕೈಯಲ್ಲಿ ಹಿಡಿದುಕೊಂಡು ನಡೆದ ಅಪ್ಪಂದಿರ ಮಕ್ಕಳು ನಾವು.

ಕವಿ ಲ್ಯಾಂಗ್‌ಸ್ಟನ್ ಹ್ಯೂಸ್ ಈ ಘಟನೆಯ ಮೇಲೆ ಒಂದು ಸಣ್ಣ ಪದ್ಯ ಬರೆದರು. ತಾಳ್ಮೆ ಯಾವತ್ತೂ ಹೀಗೇ ಇರುತ್ತದೆ ಅಂದುಕೊಳ್ಳಬೇಡಿ ಅಂತ ಎಚ್ಚರಿಕೆ ಕೊಡುವ ಪದ್ಯ. ಹೇಯ್ಸರು ಸ್ವತಃ ಯಾರ ಮೇಲೂ ಕಹಿ ಇಟ್ಟುಕೊಳ್ಳಲಿಲ್ಲ. ಅದು ಅವರ ದೊಡ್ಡತನ ಅಂತ ಎಲ್ಲ ಕಡೆ ಬರೆದಿದ್ದಾರೆ. ನಮಗೆ ಹ್ಯೂಸರ ಪದ್ಯವೇ ಹೆಚ್ಚು ಸರಿ ಕಾಣುತ್ತದೆ. ಹೊಡೆಸಿಕೊಂಡವನ ಕ್ಷಮೆಯನ್ನು ಹೊಗಳುವುದು ಹೊಡೆದವನಿಗೆ ಬಹಳ ಸುಲಭದ ಕೆಲಸ.

ಮೊದಲು ಹೇಳಿದ ಹಂಚಿಕೆಗೆ ಈಗ ಬರೋಣ. ಹೇಯ್ಸರು ಇಷ್ಟು ಮೇಲೆ ಬಂದರೂ ಅಮೆರಿಕದ ಯಾವ ದೊಡ್ಡ ಒಪೆರಾ ಮಂದಿರವೂ ಅವರಿಗೆ ಒಂದು ಪಾತ್ರ ಕೊಡಲಿಲ್ಲ. ಒಬ್ಬರೇ ನಿಂತು ಹಾಡಬಹುದು, ನಾಟಕದಲ್ಲಿ ಆಗದು. ಯಾಕೆ? ಟೆನರ್ ಅಂದರೆ ಪ್ರೇಮಿ. ವೇದಿಕೆಯ ಮೇಲೆ ಕರಿಯ ಪ್ರೇಮಿ ಬಿಳಿಯ ನಾಯಕಿಯ ಕೈ ಹಿಡಿಯಬೇಕು. ಕರಿಯ ಗಂಡಸು ಬಿಳಿಯ ಹೆಂಗಸನ್ನು ನೋಡಿದ ಅನ್ನುವ ನೆಪಕ್ಕೇ ಮರಕ್ಕೆ ನೇತುಹಾಕುತ್ತಿದ್ದ ನಾಡು ಅದು. ಸಂಗೀತದ ಸಮಸ್ಯೆಯೇ ಅಲ್ಲ, ರಕ್ತದ ಸಮಸ್ಯೆ. ಅಂತರ್ಜಾತಿ ಮದುವೆ ಆದ ಹುಡುಗನನ್ನು ರೈಲು ಹಳಿಯ ಮೇಲೆ ಎಸೆಯುವ ನಾಡಿನವರಿಗೆ ಇದು ಅರ್ಥವಾಗುತ್ತದೆ. ನ್ಯೂಯಾರ್ಕಿನ ಮೆಟ್ರೋಪಾಲಿಟನ್ ಒಪೆರಾದಲ್ಲಿ ಮೊದಲ ಕರಿಯ ಗಾಯಕಿಯಾಗಿ ಮರಿಯನ್ ಆಂಡರ್ಸನ್ ಹಾಡಿದ್ದು 1955ರಲ್ಲಿ. ಹುಡುಗಿಯಾಗಿದ್ದಾಗ ಫಿಲಡೆಲ್ಫಿಯಾದ ಚರ್ಚಿನಲ್ಲಿ ಹೇಯ್ಸರನ್ನು ಕೇಳಿ, ಅವರಿಂದ ಬೆನ್ನು ತಟ್ಟಿಸಿಕೊಂಡು ಬೆಳೆದವರು ಆಕೆ. ಅವರಿಗೆ ಆಗ ಸಿಕ್ಕ ಪಾತ್ರ ಒಬ್ಬ ಮಾಟಗಾತಿಯದು. ಅದೇ ವರ್ಷ, ಅದೇ ತಿಂಗಳು ಬ್ಯಾರಿಟೋನ್ ರಾಬರ್ಟ್ ಮೆಕ್‌ಫೆರಿನ್ ಬಂದರು. ಕರಿಯ ಟೆನರ್ ಒಬ್ಬರು ಅಲ್ಲಿ ನಾಯಕನ ಪಾತ್ರದಲ್ಲಿ ನಿಂತದ್ದು 1961ರಲ್ಲಿ, ಜಾರ್ಜ್ ಷರ್ಲಿ. ಹೇಯ್ಸರಿಗೆ ಆಗ ಎಪ್ಪತ್ತು ದಾಟಿ ನಾಲ್ಕು ವರ್ಷ. ಇನ್ನೊಂದು ಕಡೆ ನೋಡಿ, ಒಥೆಲೋ ಪಾತ್ರಕ್ಕೆ ಬಿಳಿಯ ಟೆನರ್‌ಗೆ ಮುಖಕ್ಕೆ ಕಪ್ಪು ಬಳಿಯುವ ಪದ್ಧತಿಯನ್ನು ಅದೇ ಮಂದಿರ ಬಿಟ್ಟದ್ದು 2015ರಲ್ಲಿ. ಕಪ್ಪು ಬಣ್ಣ ಬೇಕಿತ್ತು, ಡಬ್ಬಿಯಲ್ಲಿ.

ಇದೆಲ್ಲ ನಮಗ್ಯಾಕೆ ಅಂತ ಕೇಳುವವರಿಗೆ: ಈ ನಂಟು ಇವತ್ತಿನದಲ್ಲ. ಜೋತಿಬಾ ಫುಲೆ 1873ರಲ್ಲಿ 'ಗುಲಾಮಗಿರಿ' ಪುಸ್ತಕವನ್ನು ಅರ್ಪಿಸಿದ್ದೇ ಕರಿಯ ಗುಲಾಮರ ಬಿಡುಗಡೆಗೆ ದುಡಿದ ಅಮೆರಿಕದ ಜನಕ್ಕೆ. ಬಾಬಾಸಾಹೇಬರು 1946ರಲ್ಲಿ ಡು ಬಾಯ್ಸ್ ಅವರಿಗೆ ಕಾಗದ ಬರೆದು, ಕರಿಯರು ವಿಶ್ವಸಂಸ್ಥೆಗೆ ಕೊಡುವ ಮನವಿಯ ಪ್ರತಿ ಕೇಳಿದ್ದರು. ಆ ಡು ಬಾಯ್ಸ್ 1903ರ ತಮ್ಮ ಪುಸ್ತಕದಲ್ಲಿ ಅಧ್ಯಾಯಗಳ ತಲೆಗೆ ಗುಲಾಮರ ಹಾಡಿನ ಸ್ವರಲಿಪಿಯನ್ನು ಅಚ್ಚು ಹಾಕಿಸಿದವರು. ಮುಂಬೈಯಲ್ಲಿ 1972ರಲ್ಲಿ ಹುಟ್ಟಿದ ಪ್ಯಾಂಥರ್ಸ್ ಹೆಸರು ಎಲ್ಲಿಂದ ಬಂತು ಅಂತ ಎಲ್ಲರಿಗೂ ಗೊತ್ತು. ರಾಜಕೀಯದ ಈ ನಂಟನ್ನು ಓದಿಕೊಂಡಷ್ಟು ನಾವು ಸಂಗೀತದ ನಂಟನ್ನು ಓದಿಕೊಂಡಿಲ್ಲ.

ಇವತ್ತು ಕರಿಯ ಟೆನರ್‌ಗಳು ಹಲವರಿದ್ದಾರೆ. ದಕ್ಷಿಣ ಆಫ್ರಿಕಾದ ಲೆವಿ ಸೆಕ್‌ಗಪಾನೆ 2017ರಲ್ಲಿ ಒಪೆರಾಲಿಯಾ ಎಂಬ ದೊಡ್ಡ ಸ್ಪರ್ಧೆ ಗೆದ್ದು ಯುರೋಪಿನ ಮಂದಿರಗಳಲ್ಲಿ ಹಾಡಿದರು. ಅಮೆರಿಕದ ಲಾರೆನ್ಸ್ ಬ್ರೌನ್ಲೀ 2007ರಲ್ಲಿ ಮೆಟ್ರೋಪಾಲಿಟನ್‌ನಲ್ಲಿ ರೊಸ್ಸೀನಿಯ ಒಪೆರಾದ ಪ್ರೇಮಿಯಾಗಿಯೇ ಬಂದರು. ನಾವು ಬ್ರೌನ್ಲೀ ಹೆಸರು ಎತ್ತಿದ್ದು ಇನ್ನೊಂದು ಕಾರಣಕ್ಕೆ. 2018ರಲ್ಲಿ ಅವರು ಒಂದು ಹೊಸ ಹಾಡಿನ ಮಾಲೆ ಹಾಡಿದರು, 'ಸೈಕಲ್ಸ್ ಆಫ್ ಮೈ ಬೀಯಿಂಗ್' ಅಂತ. ಸಂಗೀತ ಟೈಶಾನ್ ಸೋರಿ ಅವರದು, ಪದ್ಯ ಟೆರೆನ್ಸ್ ಹೇಯ್ಸ್ ಅವರದು. ಮೂವರೂ ಕರಿಯರು. ಇವತ್ತಿನ ಅಮೆರಿಕದಲ್ಲಿ ಕರಿಯ ಗಂಡಸಾಗಿ ಬದುಕುವುದು ಅಂದರೇನು ಅನ್ನುವುದೇ ವಸ್ತು. ಷೂಬರ್ಟನೂ ಅಲ್ಲ, ಅಜ್ಜಿಯ ಭಕ್ತಿಗೀತೆಯೂ ಅಲ್ಲ. ಅದೇ ಕಛೇರಿಯ ವೇದಿಕೆ, ಅದೇ ಪಿಯಾನೋ, ಅದೇ ಪಳಗಿದ ಟೆನರ್ ಗಂಟಲು, ಮಾತು ಮಾತ್ರ ನಿನ್ನೆ ಮೊನ್ನೆಯ ಬೀದಿಯದು. ರೋಲೆಂಡ್ ಹೇಯ್ಸರಿಗೆ ಈ ಮೂರನೆಯ ಹಾಡು ಸಿಕ್ಕಿರಲಿಲ್ಲ. ಬರೆದು ಕೊಡುವವರೂ ಆಗ ಇರಲಿಲ್ಲ, ಬರೆದರೆ ಹಾಡಲು ಮಂದಿರವೂ ಇರಲಿಲ್ಲ. ನಮ್ಮಲ್ಲಿ ಬರೆಯುವವರಂತೂ ಇದ್ದಾರೆ.